ಮೇಲಿನ ಊರಿನ ಮಳೆ, ಕೆಳಗಿನ ಊರಿನ ನೆರೆ

ಎಲ್ಲರಿಗೂ ನಮಸ್ಕಾರ.

ಮಣಿಪಾಲದ ಪಡುವಣ ಇಳಿಜಾರಿನಲ್ಲಿ ಬಿದ್ದ ಮಳೆ ಅಲ್ಲಿ ನಿಲ್ಲುವುದಿಲ್ಲ. ಇಂದ್ರಾಳಿಗೆ ಇಳಿದು, ಇಂದ್ರಾಣಿ ತೋಡು ಎಂಬ ಹಳ್ಳ ಸೇರಿ, ನಮ್ಮ ಉಡುಪಿ ಪೇಟೆಯ ಕಲ್ಸಂಕ ದಾಟಿ ಮಲ್ಪೆ ಕಡೆಗೆ ಹೋಗುತ್ತದೆ. 2020ರ ಸೆಪ್ಟೆಂಬರ್ 20ರ ಭಾನುವಾರ ಅದು ಹೇಗೆ ಬಂತು ಎಂದು ನಿಮಗೆಲ್ಲ ನೆನಪಿದೆ. ಕೃಷ್ಣ ಮಠದ ಪರಿಸರಕ್ಕೂ ನೀರು ನುಗ್ಗಿತ್ತು. ಅದರ ನಂತರ ನಾವು ಮಾತಾಡಿದ್ದೆಲ್ಲ ಪೇಟೆಯ ಚರಂಡಿಯ ಬಗ್ಗೆ. ಹೂಳು ತೆಗೆಯಿರಿ, ಅಗಲ ಮಾಡಿ, ತಡೆಗೋಡೆ ಕಟ್ಟಿ. ಅದು ಬೇಕು, ಬೇಡ ಎನ್ನುವುದಿಲ್ಲ. ಆದರೆ ಸಮುದ್ರ ಉಬ್ಬರದಲ್ಲಿದ್ದಾಗ ಎಷ್ಟು ಅಗಲದ ತೋಡಾದರೂ ನೀರು ಹೊರಗೆ ಹೋಗುವುದು ನಿಧಾನವೇ. ಆ ಎರಡು ಮೂರು ಗಂಟೆ ನೀರನ್ನು ಮೇಲೆಯೇ ಹಿಡಿದಿಡಬೇಕು. ಅದು ಪೇಟೆಯಲ್ಲಿ ಆಗುವ ಕೆಲಸ ಅಲ್ಲ, ಅಲ್ವಾ?

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಐದು ಸೆಂಟ್ಸ್ ಜಾಗದ ಮೇಲೆ ಒಂದೇ ದಿನ 10 ಸೆಂಟಿಮೀಟರ್ ಮಳೆ ಬಿದ್ದರೆ 20,000 ಲೀಟರ್ ನೀರು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ್ದರೆ ಹೆಚ್ಚು ಕಡಿಮೆ ಅಷ್ಟೂ ರಸ್ತೆಗೆ. ಈಗ ಗದ್ದೆ ನೋಡಿ. ಅರ್ಧ ಅಡಿ ಎತ್ತರದ ಹುಣಿ, ಅಂದರೆ ಬದು, ಇರುವ ಒಂದು ಎಕರೆ ಗದ್ದೆ ತುಂಬಿದರೆ ಆರು ಲಕ್ಷ ಲೀಟರ್ ನಿಲ್ಲುತ್ತದೆ. ನಮ್ಮ ಬೈಲುಗಳು, ಅಂದರೆ ತಗ್ಗಿನ ಗದ್ದೆಗಳು, ಭತ್ತ ಬೆಳೆಯುವುದರ ಜೊತೆಗೆ ಇದನ್ನೂ ಸುಮ್ನೆ ಮಾಡುತ್ತಿದ್ದವು. ಯಾರೂ ಅವುಗಳಿಗೆ ಸಂಬಳ ಕೊಡಲಿಲ್ಲ. ಹಾಗಾಗಿ ಕೆಂಪು ಮಣ್ಣು ತುಂಬಿ ಸೈಟ್ ಮಾಡುವಾಗ ಏನು ಹೋಯಿತು ಎಂದು ಯಾರಿಗೂ ಗೊತ್ತಾಗಲಿಲ್ಲ.

ಎರಡು ಪಂಚಾಯತ್‌ಗಳ ಗಡಿಯಲ್ಲಿ ಒಂದು ಮೋರಿ ನೋಡಿದ್ದೇನೆ. ಮೇಲಿನವರು ಹಾಕಿದ್ದು ಮೂರು ಅಡಿ ಪೈಪು, ಕೆಳಗಿನವರು ಹಾಕಿದ್ದು ಎರಡು ಅಡಿಯದ್ದು. ನಡುವೆ ಹತ್ತು ಮಾರು ದೂರ ಇಲ್ಲ. ಎರಡೂ ಕಾಮಗಾರಿ ಲೆಕ್ಕಪತ್ರದಲ್ಲಿ ಸರಿಯಾಗಿಯೇ ಇರಬಹುದು. ಜೋರು ಮಳೆಗೆ ಎರಡು ಪೈಪುಗಳ ನಡುವಿನ ಮನೆಯ ಅಡುಗೆಕೋಣೆಯಲ್ಲಿ ಮೊಣಕಾಲು ನೀರು. ಆ ಮನೆಯವರು ಯಾವ ಪಂಚಾಯತ್‌ಗೆ ಅರ್ಜಿ ಕೊಡಬೇಕು?

ಮೇಲಿನವರೂ ಕೆಳಗಿನವರೂ ಸೇರಿ ನೀರು ನೋಡಿಕೊಳ್ಳುವುದು ನಮಗೆ ಹೊಸದಲ್ಲ. ಮಳೆಗಾಲ ಮುಗಿದ ಮೇಲೆ ನಮ್ಮ ಹಿರಿಯರು ತೋಡಿಗೆ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಕಟ್ಟುತ್ತಿದ್ದರು. ಅಡಿಕೆ ಮರದ ಸಲಾಕೆ, ಕಲ್ಲು, ಮಣ್ಣು, ಸೊಪ್ಪು. ಒಂದೇ ತೋಡಿಗೆ ಒಂದರ ಕೆಳಗೊಂದು ಕಟ್ಟ. ಮೇಲಿನ ಕಟ್ಟ ನಿಂತರೆ ಕೆಳಗಿನವರ ಬಾವಿಯಲ್ಲೂ ಒರತೆ. ಗುಡ್ಡದ ಮೇಲೆ ಮಳೆನೀರು ನಿಲ್ಲುವ ಮದಕ ಎಂಬ ಕೆರೆ ಇರುತ್ತಿತ್ತು. ಅದರ ನೀರು ಕುಡಿದದ್ದು ಕೆಳಗಿನ ಬೈಲು. ಇದೆಲ್ಲ ಒಬ್ಬರ ಕೆಲಸ ಆಗಿರಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ: ಕೆಳಗಿನ ಊರು ಮೇಲಿನ ಊರಿನ ಮದಕಕ್ಕೆ ದುಡ್ಡು ಕೊಡಬೇಕು. ಪೇಟೆಯಲ್ಲಿ ತಡೆಗೋಡೆಗೆ ಇಡುವ ಹಣದ ಒಂದು ಪಾಲು ಪಕ್ಕದ ಪಂಚಾಯತ್‌ನ ಕೆರೆಗೆ, ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆಯ ಹುಣಿಗೆ ಹೋಗಬೇಕು. ನಮ್ಮ ದುಡ್ಡು ಅವರಿಗೆ ಯಾಕೆ ಎಂದು ಕೇಳುವವರಿದ್ದಾರೆ. ನೆರೆ ನುಗ್ಗುವುದು ನಮ್ಮ ಅಂಗಡಿಗೆ, ಅದಕ್ಕೆ. ಸಂವಿಧಾನದ 243ಝಡ್‌ಡಿ ವಿಧಿ ಕೂಡ ಇದಕ್ಕೆ ದಾರಿ ಕೊಟ್ಟಿದೆ. ಪಂಚಾಯತ್ ಮತ್ತು ನಗರಸಭೆಗಳ ನಡುವೆ ನೀರು ಹಂಚಿಕೊಳ್ಳುವ ವಿಷಯವನ್ನು ಜಿಲ್ಲಾ ಯೋಜನಾ ಸಮಿತಿ ಗಮನಕ್ಕೆ ತೆಗೆದುಕೊಳ್ಳಬೇಕು ಎಂದು ಅದರಲ್ಲೇ ಇದೆ.

ಬೇಸಿಗೆಯನ್ನೂ ಮರೆಯುವುದು ಬೇಡ. ವರ್ಷಕ್ಕೆ 4,000 ಮಿಲಿಮೀಟರ್ ಮಳೆ ದಾಟುವ ಜಿಲ್ಲೆ ನಮ್ಮದು. ಆದರೂ 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡು, ನಾವು ಕೊಡ ಹಿಡಿದು ಟ್ಯಾಂಕರ್ ಕಾದಿದ್ದೇವೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಪಕ್ಕಕ್ಕೆ ಬಿಟ್ಟುಕೊಡುತ್ತದೆ. ಜುಲೈಯಲ್ಲಿ ಬಾವಿ ಬಾಯಿವರೆಗೆ ತುಂಬಿರುವಾಗ ಇಂಗುಗುಂಡಿಯಿಂದ ದೊಡ್ಡ ಪ್ರಯೋಜನ ಇಲ್ಲ. ಆಗ ನೀರು ನಿಲ್ಲಲು ಜಾಗ ಬೇಕು. ಇಂಗಿಸಬೇಕಾದ್ದು ಸೆಪ್ಟೆಂಬರ್, ಅಕ್ಟೋಬರ್‌ನ ಕೊನೆಯ ಮಳೆಯನ್ನು. ಇನ್ನೊಂದು ಎಚ್ಚರಿಕೆ. ಕಡಿದಾದ ಗುಡ್ಡದ ಅಂಚಿನಲ್ಲಿ, ಕಡಿದ ಧರೆಯ, ಅಂದರೆ ನೆಟ್ಟಗೆ ಕತ್ತರಿಸಿದ ಮಣ್ಣಿನ ಗೋಡೆಯ, ಮೇಲೆ ಇಂಗುಗುಂಡಿ ತೋಡಬೇಡಿ. ಮುರಕಲ್ಲಿನ ಅಡಿಯಲ್ಲಿ ಜೇಡಿ ಇದ್ದರೆ ನೀರು ಸೇರಿ ಧರೆ ಜರಿಯುತ್ತದೆ. ಜಾಗ ಆರಿಸುವುದಕ್ಕೂ ಎರಡೂ ಊರಿನವರು ಒಟ್ಟಿಗೆ ನಡೆದು ನೋಡಬೇಕು.

ಮೊದಲ ಕೆಲಸ ದೊಡ್ಡದೇನಲ್ಲ. ಏಪ್ರಿಲ್ ಒಳಗೆ ಪಕ್ಕದ ಪಂಚಾಯತ್‌ಗಳ ಅಧ್ಯಕ್ಷರು, ಪಿಡಿಒಗಳು, ನಮ್ಮ ವಾರ್ಡಿನ ಸದಸ್ಯರು, ಇಂಜಿನಿಯರು ಎಲ್ಲರೂ ಗಡಿಯ ಮೋರಿಗಳ ಹತ್ತಿರ ಬರಲಿ. ಅಳತೆ ಟೇಪು ಹಿಡಿದು ಪೈಪಿನ ಅಗಲ ಬರೆದುಕೊಳ್ಳಲಿ. ಹೊಂದದ ಮೋರಿಗಳ ಪಟ್ಟಿ ಯೋಜನಾ ಸಮಿತಿಗೆ ಹೋಗಲಿ. ಈ ಸಭೆಯಲ್ಲಿ ಮೂರು ಪಂಚಾಯತ್‌ನವರು ಕೂತಿದ್ದೀರಿ. ದಿನಾಂಕ ಇವತ್ತೇ ಗೊತ್ತು ಮಾಡೋಣ, ಹೇಳಿ.