ದ್ರಾಕ್ಷಿ ಸ್ಕೋನ್‌ಗೆ ಜ್ಯಾಮ್ ಬೇಡ, ಬೆಣ್ಣೆ ಸಾಕು

ನಮಸ್ಕಾರ. ಮೊದಲು ಇದನ್ನು ನೋಡಿ. ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ. ಮೇಲೆ ಕಂದು, ಪಕ್ಕದಲ್ಲಿ ಬಿಳಿ. ಸರಿಯಾಗಿ ನಡುವಿಗೆ ಒಂದು ಬಿರುಕು, ಯಾರೋ ಉಡಿದಾರ ಕಟ್ಟಿದ ಹಾಗೆ. ಇದಕ್ಕೆ ಚಾಕು ಬೇಡ. ಆ ಬಿರುಕಿಗೆ ಎರಡು ಹೆಬ್ಬೆರಳು ಇಟ್ಟು ಎಳೆದರೆ ತಾನಾಗೇ ಎರಡು ಹೋಳಾಗುತ್ತದೆ. ಒಳಗಿಂದ ಹಬೆ ಬರ್ತಿದೆ, ಕಾಣಿಸ್ತಿದೆಯಾ? ಓವನ್‌ನಿಂದ ತೆಗೆದು ಹತ್ತು ನಿಮಿಷ ಆಯ್ತು ಅಷ್ಟೆ. ನಾಳೆ ಬೆಳಿಗ್ಗೆವರೆಗೆ ಇಟ್ಟರೆ ಇದರ ಕಥೆ ಮುಗೀತು. ರಾಗಿ ರೊಟ್ಟಿ ಥರ, ಬಿಸಿ ಇದ್ದಾಗಲೇ ಇದಕ್ಕೆ ಬೆಲೆ.

ಇದರ ಹೆಸರು ಸ್ಕೋನ್. ಮೈದಾ, ಬೆಣ್ಣೆ, ಹಾಲು ಕಲಸಿ ಓವನ್‌ನಲ್ಲಿ ಬೇಯಿಸುವ, ಪುಟ್ಟ ಬನ್ನಿನಂಥ ತಿಂಡಿ. ಕೆಲವರು ಸ್ಕಾನ್ ಅಂತಾರೆ. ಅದರ ಬಗ್ಗೆಯೂ ಇಲ್ಲಿ ಜಗಳ ಇದೆ, ಅದು ಬಿಡಿ. ಇವತ್ತು ನಾನು ಮಾತಾಡೋಕೆ ಬಂದಿರೋದು ಅದಕ್ಕಿಂತ ದೊಡ್ಡ ಜಗಳದ ಬಗ್ಗೆ.

ನಾನಿರುವುದು ಇಂಗ್ಲೆಂಡಿನ ನೈರುತ್ಯ ಮೂಲೆಯ ಪ್ಲಿಮತ್‌ನಲ್ಲಿ. ಇದು ಡೆವನ್, ನಮ್ಮ ಜಿಲ್ಲೆ ಥರದ ಒಂದು ಕೌಂಟಿ. ಊರಂಚಿನ ಟೇಮರ್ ನದಿ ದಾಟಿದರೆ ಕಾರ್ನ್‌ವಾಲ್. ಸೇತುವೆ ಮೇಲೆ ಆ ಕಡೆಗೆ ಹೋಗುವಾಗ ಟೋಲ್ ಇಲ್ಲ, ಈ ಕಡೆಗೆ ಬರುವಾಗ ಮಾತ್ರ ಕಟ್ಟಬೇಕು. ಹೋಗೋದು ಪುಕ್ಕಟೆ, ತಪ್ಪಿಸಿಕೊಂಡು ಬರೋದಕ್ಕೆ ದುಡ್ಡು ಅಂತ ಡೆವನ್ ಕಡೆಯವರು ನಗಾಡುತ್ತಾರೆ.

ಈ ಎರಡೂ ಕಡೆಯವರು ಸ್ಕೋನ್ ಸೀಳಿ, ಅದಕ್ಕೆ ಜ್ಯಾಮ್ ಮತ್ತು ಕ್ಲಾಟೆಡ್ ಕ್ರೀಮ್ ಹಚ್ಚಿಕೊಂಡು ಟೀ ಜೊತೆ ತಿನ್ನುತ್ತಾರೆ. ಕ್ಲಾಟೆಡ್ ಕ್ರೀಮ್ ಅಂದರೆ ಸುಮ್ನೆ ಕೆನೆ ಅಲ್ಲ. ಹಾಲಿನಿಂದ ತೆಗೆದ ಕ್ರೀಮನ್ನು ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಕಾಯಿಸಿ, ಅಲುಗಾಡಿಸದೆ ಆರಲು ಬಿಡಬೇಕು. ಆಗ ಮೇಲೆ ಹಳದಿ ಪದರ ಕಟ್ಟುತ್ತದೆ. ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ. ಅರ್ಧಕ್ಕಿಂತ ಜಾಸ್ತಿ ಬರೀ ಕೊಬ್ಬು. ನಮ್ಮ ನಂಜನಗೂಡು ರಸಬಾಳೆಗೆ ಜಿಐ, ಅಂದರೆ ಆ ಊರಿನದ್ದೇ ಅನ್ನುವ ಕಾನೂನಿನ ಗುರುತು, ಇದೆಯಲ್ವಾ, ಹಾಗೆ ಕಾರ್ನ್‌ವಾಲ್‌ನ ಈ ಕ್ರೀಮ್‌ಗೆ 1998ರಲ್ಲಿ ಯುರೋಪಿನ ರಕ್ಷಣೆ ಸಿಕ್ಕಿತು.

ಜಗಳ ಏನು ಗೊತ್ತಾ? ಡೆವನ್‌ನವರು ಮೊದಲು ಕ್ರೀಮ್ ಹಚ್ಚಿ ಮೇಲೆ ಜ್ಯಾಮ್ ಹಾಕುತ್ತಾರೆ. ಕಾರ್ನ್‌ವಾಲ್‌ನವರು ಮೊದಲು ಜ್ಯಾಮ್, ಮೇಲೆ ಕ್ರೀಮ್. ಅಷ್ಟೇ. 2018ರಲ್ಲಿ ಕಾರ್ನ್‌ವಾಲ್‌ನ ಲ್ಯಾನ್‌ಹೈಡ್ರಾಕ್ ಅನ್ನುವ ಹಳೇ ಬಂಗಲೆಯವರು ತಾಯಂದಿರ ದಿನದ ಜಾಹೀರಾತಿನಲ್ಲಿ ಕ್ರೀಮ್ ಕೆಳಗೆ, ಜ್ಯಾಮ್ ಮೇಲೆ ಇದ್ದ ಸ್ಕೋನ್‌ನ ಫೋಟೋ ಹಾಕಿಬಿಟ್ಟರು. ಜನ ಎಷ್ಟು ಸಿಟ್ಟಾದರು ಅಂದರೆ ಕ್ಷಮೆ ಕೇಳಬೇಕಾಯಿತು. ನಮ್ಮಲ್ಲಿ ಬಿಸಿಬೇಳೆ ಬಾತ್‌ಗೆ ಆಲೂಗಡ್ಡೆ ಹಾಕಬಹುದಾ ಅಂತ ಕೇಳಿ ನೋಡಿ, ಹೆಚ್ಚುಕಮ್ಮಿ ಇದೇ ಗಲಾಟೆ.

ನನ್ನ ಅಭಿಪ್ರಾಯ ಇಷ್ಟು. ಈ ಇಡೀ ಜಗಳ ಸಾದಾ ಸ್ಕೋನ್‌ದು. ಒಣದ್ರಾಕ್ಷಿ ಹಾಕಿದ ಸ್ಕೋನ್ ಇದರಲ್ಲಿ ತಲೆ ಹಾಕಲೇಬಾರದು. ಅದಕ್ಕೆ ಬೇಕಾದ ಸಿಹಿ ಅದರ ಹೊಟ್ಟೆಯಲ್ಲೇ ಇದೆ. ಮೇಲೆ ಮತ್ತೆ ಸ್ಟ್ರಾಬೆರಿ ಜ್ಯಾಮ್ ಸುರಿದರೆ ದ್ರಾಕ್ಷಿ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಹೋಳಿಗೆಗೆ ತುಪ್ಪ ಹಾಕಿಕೊಳ್ತೀವಿ, ಜಾಮೂನಿನ ಪಾಕ ಸುರಿದುಕೊಳ್ತೀವಾ? ದ್ರಾಕ್ಷಿ ಸ್ಕೋನ್‌ಗೆ ಬೇಕಾದದ್ದು ಬೆಣ್ಣೆ. ಉಪ್ಪು ಬೆಣ್ಣೆ. ಅದೂ ಫ್ರಿಜ್‌ನಿಂದ ಈಗ ತಾನೇ ತೆಗೆದ ತಣ್ಣನೆ ಬೆಣ್ಣೆ. ಬಿಸಿ ಹೋಳಿನ ಮೇಲೆ ಅಂಚು ಕರಗುತ್ತಾ, ನಡುವೆ ಇನ್ನೂ ಗಟ್ಟಿಯಾಗಿರಬೇಕು. ಆ ಉಪ್ಪು, ಈ ದ್ರಾಕ್ಷಿ. ಮುಗೀತು.

ಆದರೆ ಇದೆಲ್ಲ ಸ್ಕೋನ್ ಮೆತ್ತಗಿದ್ದರೆ ಮಾತ್ರ. ನನ್ನ ಮೊದಲ ಸ್ಕೋನ್‌ಗಳ ಕಥೆ ಹೇಳ್ತೀನಿ ಕೇಳಿ. ಸ್ಕಾಟ್ಲೆಂಡಿನಲ್ಲಿ ಇದೇ ಸ್ಪೆಲಿಂಗಿನ ಒಂದು ಊರಿದೆ, ಅದನ್ನು ಸ್ಕೂನ್ ಅಂತಾರೆ. ಅಲ್ಲಿನ ಒಂದು ಕಲ್ಲಿನ ಮೇಲೆ ಕೂರಿಸಿ ಸ್ಕಾಟ್ಲೆಂಡಿನ ರಾಜರಿಗೆ ಪಟ್ಟ ಕಟ್ಟುತ್ತಿದ್ದರು. 1296ರಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಆ ಕಲ್ಲನ್ನು ಹೊತ್ತುಕೊಂಡು ಬಂದ, 1996ರಲ್ಲಿ ಅದು ಸ್ಕಾಟ್ಲೆಂಡಿಗೆ ವಾಪಸ್ ಹೋಯಿತು. ನಾನು ಮಾಡಿದ್ದು ಆ ಕಲ್ಲಿನ ಮರಿಗಳನ್ನ.

ತಪ್ಪು ನನ್ನ ಕೈಯದ್ದು. ಚಪಾತಿ ಹಿಟ್ಟು ನಾದಿ ಬೆಳೆದ ಕೈ ಇದು. ಹಿಟ್ಟು ಕಂಡರೆ ಅಂಗೈಯಿಂದ ಒತ್ತಬೇಕು, ಮಡಚಬೇಕು, ಮತ್ತೆ ಒತ್ತಬೇಕು. ಹಿಟ್ಟು ನುಣ್ಣಗಾಗುವವರೆಗೆ ಸಮಾಧಾನ ಇಲ್ಲ. ಚಪಾತಿಗೆ ಅದು ಸರಿ. ನಾದಿದಷ್ಟೂ ಗೋಧಿಯಲ್ಲಿರುವ ಗ್ಲುಟೆನ್ ಬಲವಾಗಿ ಎಳೆ ಕಟ್ಟುತ್ತದೆ, ಚಪಾತಿ ಹರಿಯದೆ ಲಟ್ಟಿಸೋಕೆ ಬರುತ್ತದೆ. ಸ್ಕೋನ್‌ಗೆ ಅದೇ ಶತ್ರು. ಹಿಟ್ಟು ಬಿಗಿಯಾದರೆ ಬೇಕಿಂಗ್ ಪೌಡರ್ ಎಷ್ಟು ಒದ್ದಾಡಿದರೂ ಅದನ್ನು ಮೇಲೆತ್ತಲಾರದು.

ನಮ್ಮ ಪಕ್ಕದ ಮನೆ ಅಜ್ಜಿ ಹುಟ್ಟಿದ್ದು ನದಿಯ ಆಚೆ, ಮದುವೆಯಾಗಿ ಬಂದಿದ್ದು ಈಚೆ. ನನ್ನ ಕಲ್ಲನ್ನು ಒಂದು ಕಚ್ಚಿದರು. ಏನೂ ಅನ್ನಲಿಲ್ಲ. ಮಾರನೇ ದಿನ ತಮ್ಮ ಬಟ್ಟಲು ಹಿಡಿದುಕೊಂಡು ಅಡುಗೆಮನೆಗೇ ಬಂದರು. ಹಿಟ್ಟಿನಲ್ಲಿ ಇನ್ನೂ ಗಂಟು ಗಂಟು ಇದ್ದಾಗಲೇ ನನ್ನ ಕೈ ಹಿಡಿದು, ಸಾಕು, ನಿಲ್ಲಿಸು ಅಂದರು. ನನಗೆ ಅದು ಹಿಟ್ಟು ಅಂತಲೇ ಅನ್ನಿಸಲಿಲ್ಲ. ಅರ್ಧಕ್ಕೆ ಬಿಟ್ಟ ಕೆಲಸದ ಹಾಗಿತ್ತು.

ಅಳತೆ ಬರ್ಕೊಳ್ಳಿ. ಮೈದಾ 225 ಗ್ರಾಂ. ಇಲ್ಲಿ ಬೇಕಿಂಗ್ ಪೌಡರ್ ಬೆರೆಸಿಯೇ ಬರುವ ಸೆಲ್ಫ್ ರೈಸಿಂಗ್ ಹಿಟ್ಟು ಸಿಗುತ್ತದೆ. ಬ್ರಿಸ್ಟಲ್‌ನ ಹೆನ್ರಿ ಜೋನ್ಸ್ ಅನ್ನುವ ಬೇಕರಿಯವನು 1845ರಲ್ಲಿ ಪೇಟೆಂಟ್ ಪಡೆದ ಸರಕು ಅದು. ಊರಲ್ಲಿ ಮಾಡುವವರು ಮಾಮೂಲಿ ಮೈದಾಗೆ ಮೂರು ಟೀ ಚಮಚ ಬೇಕಿಂಗ್ ಪೌಡರ್ ಹಾಕಿ ಎರಡು ಸಲ ಜರಡಿ ಹಿಡಿಯಿರಿ. ಚಿಟಿಕೆ ಉಪ್ಪು. ಬೆಣ್ಣೆ 50 ಗ್ರಾಂ, ಸಕ್ಕರೆ 25 ಗ್ರಾಂ, ಒಣದ್ರಾಕ್ಷಿ 75 ಗ್ರಾಂ. ಹಾಲು 140 ಎಂ.ಎಲ್. ಸುಮಾರಿಗೆ. ಅರ್ಧ ಹಾಲು, ಅರ್ಧ ಮೊಸರು ಮಾಡಿದರೆ ಇನ್ನೂ ಚೆನ್ನ.

ಮೊದಲು ಬೆಣ್ಣೆಯನ್ನು ಹಿಟ್ಟಿಗೆ ಬೆರಳ ತುದಿಯಿಂದ ತಿಕ್ಕಬೇಕು, ಉಪ್ಪಿಟ್ಟಿನ ರವೆ ಥರ ಆಗೋವರೆಗೆ. ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ನಾನು ತಿಕ್ಕೋದನ್ನು ನೋಡಿ, "ಇದೇನೋ, ಮದ್ದೂರು ವಡೆಗೆ ತಿಕ್ಕಿದ ಹಾಗೇ ಇದೆಯಲ್ಲ" ಅಂದರು. ಹೌದು, ಅದೇ ಕೆಲಸ. ವಡೆಗೆ ನಾವು ತುಪ್ಪನೋ ಎಣ್ಣೆನೋ ಬಿಸಿ ಮಾಡಿ ಹಾಕುತ್ತೇವೆ, ಅದು ಹಿಟ್ಟಿಗೆಲ್ಲ ಹಿಡಿದು ಗರಿಗರಿ ಆಗುತ್ತದೆ. ಇಲ್ಲಿ ಬೆಣ್ಣೆ ತಣ್ಣಗಿರಬೇಕು, ಅಲ್ಲಲ್ಲಿ ಚೂರು ಉಳಿಯಬೇಕು. ಓವನ್‌ನಲ್ಲಿ ಆ ಚೂರು ಕರಗಿ, ಅದರೊಳಗಿನ ನೀರು ಹಬೆಯಾಗಿ ಹಿಟ್ಟನ್ನು ಎತ್ತುತ್ತದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಮಾಡುವುದಾದರೆ ಮೈದಾವನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿ ಇಟ್ಟುಬಿಡಿ.

ದ್ರಾಕ್ಷಿ ವಿಷಯ. ಇಲ್ಲಿನ ಪೊಟ್ಟಣದ ಹಿಂದೆ ಸಾಮಾನ್ಯವಾಗಿ ಟರ್ಕಿ ಅಂತ ಬರೆದಿರುತ್ತದೆ. ಒಂದು ಸಲ ಗೆಳೆಯರೊಬ್ಬರು ವಿಜಯಪುರದಿಂದ ಅರ್ಧ ಕೆಜಿ ತಂದುಕೊಟ್ಟಿದ್ದರು. ನೆರಳಲ್ಲಿ ಒಣಗಿಸಿದ ಹಸಿರು ದ್ರಾಕ್ಷಿ, ಉದ್ದಕ್ಕೆ, ಸ್ವಲ್ಪ ಹುಳಿ. ಟರ್ಕಿಯದ್ದಕ್ಕಿಂತ ಅದೇ ಮೇಲು ಅಂತ ನಾನು ಧೈರ್ಯವಾಗಿ ಹೇಳ್ತೀನಿ, ಬೆಣ್ಣೆ ಜೊತೆ ಆ ಹುಳಿಗೆ ಒಂದು ಗಮ್ಮತ್ತಿದೆ. ಯಾವುದಾದರೂ ಸರಿ, ಹತ್ತು ನಿಮಿಷ ಬಿಸಿ ಡಿಕಾಕ್ಷನ್‌ನಲ್ಲಿ ನೆನೆಸಿ ಒರೆಸಿ ಹಾಕಿ. ಟೀ ಡಿಕಾಕ್ಷನ್ ಮತ್ತೆ, ಕಾಫಿಯದ್ದಲ್ಲ. ಮೇಲೆ ಇಣುಕುವ ದ್ರಾಕ್ಷಿಯನ್ನು ಬೆರಳಿಂದ ಒಳಗೆ ತಳ್ಳಿ, ಇಲ್ಲದಿದ್ದರೆ ಸುಟ್ಟು ಕಹಿಯಾಗುತ್ತದೆ.

ಹಾಲು ಹುಯ್ದು, ಚಾಕುವಿನಿಂದ ಕಲಸಿ, ಹಿಟ್ಟನ್ನು ಒಂದು ಇಂಚು ದಪ್ಪಕ್ಕೆ ಕೈಯಲ್ಲೇ ತಟ್ಟಿ. ಲಟ್ಟಣಿಗೆ ಮುಟ್ಟಬೇಡಿ, ನಮ್ಮ ಕೈಗೆ ಅದು ಸಿಕ್ಕರೆ ಸುಮ್ನಿರಲ್ಲ. ಕತ್ತರಿಸೋಕೆ ಸ್ಟೀಲ್ ಲೋಟವೂ ಬೇಡ. ಅದರ ಬಾಯಿ ದಪ್ಪ, ಹಿಟ್ಟಿನ ಅಂಚನ್ನು ಜಜ್ಜಿ ಮುಚ್ಚಿಬಿಡುತ್ತದೆ, ಆಮೇಲೆ ಸ್ಕೋನ್ ಒಂದು ಪಕ್ಕಕ್ಕೆ ವಾಲಿಕೊಂಡು ಏಳುತ್ತದೆ. ಹರಿತವಾದ ಅಚ್ಚನ್ನು ನೇರ ಒತ್ತಿ, ನೇರ ಎತ್ತಿ, ತಿರುಗಿಸಬೇಡಿ. ಅಚ್ಚು ಇಲ್ಲವಾ, ಚಾಕುವಿನಿಂದ ಚೌಕವಾಗಿ ಕತ್ತರಿಸಿ. ಮೇಲೆ ಮಾತ್ರ ಹಾಲು ಸವರಿ, ಪಕ್ಕಕ್ಕೆ ಇಳಿಯದ ಹಾಗೆ. 220 ಡಿಗ್ರಿ ಕಾದ ಓವನ್‌ಗೆ ತಕ್ಷಣ ಹಾಕಿ, ಹನ್ನೆರಡರಿಂದ ಹದಿನೈದು ನಿಮಿಷ. ಹಾಲು ಬಿದ್ದ ಕೂಡಲೇ ಬೇಕಿಂಗ್ ಪೌಡರ್ ಕೆಲಸ ಶುರು ಮಾಡಿರುತ್ತದೆ, ಈ ಮಧ್ಯೆ ಫೋನ್ ನೋಡುತ್ತಾ ಕೂರಬೇಡಿ.

ಇನ್ನೊಂದು ಮಾತು. ನಮ್ಮ ಹೋಟೆಲುಗಳಲ್ಲಿ ಮೂರು ಅಂತಸ್ತಿನ ತಟ್ಟೆ ಇಟ್ಟು ಹೈ ಟೀ ಅಂತ ಬೋರ್ಡ್ ಹಾಕುತ್ತಾರಲ್ಲ, ಇಲ್ಲಿನ ಲೆಕ್ಕದಲ್ಲಿ ಅದು ತಲೆಕೆಳಗು. ಹೈ ಟೀ ಅಂದರೆ ದುಡಿದು ಬಂದವರು ಸಂಜೆ ಊಟದ ಮೇಜಿಗೆ ಕೂತು ಮಾಂಸ, ಬ್ರೆಡ್ಡು ತಿಂದು ಟೀ ಕುಡಿಯುವ ಊಟ. ಸ್ಕೋನ್ ಬರುವುದು ಆಫ್ಟರ್‌ನೂನ್ ಟೀಗೆ. 1840ರ ಸುಮಾರಿಗೆ ಬೆಡ್‌ಫರ್ಡ್‌ನ ಡಚೆಸ್ ಆ್ಯನಾ, ರಾತ್ರಿ ಊಟ ತಡ ಅಂತ ಮಧ್ಯಾಹ್ನ ಹಸಿವಿಗೆ ಶುರು ಮಾಡಿದ್ದು ಅಂತ ಹೇಳುತ್ತಾರೆ. ನಾಲ್ಕು ಗಂಟೆ ಹಸಿವಿಗೆ ಡಚೆಸ್ ಆದರೇನು, ನಾವಾದರೇನು. ಆ ಮೂರಂತಸ್ತಿನಲ್ಲಿ ಕೂತ ಸ್ಕೋನ್ ಯಾವಾಗ ಬೆಂದದ್ದು ಅಂತ ಒಮ್ಮೆ ಕೇಳಿ ನೋಡಿ.

ಕಳೆದ ಭಾನುವಾರ ಅಜ್ಜಿಯನ್ನು ಟೀಗೆ ಕರೆದಿದ್ದೆ. ಎಂಟು ದ್ರಾಕ್ಷಿ ಸ್ಕೋನ್, ಗಟ್ಟಿ ಅಸ್ಸಾಂ ಟೀ, ಒಂದು ತಟ್ಟೆಯಲ್ಲಿ ಉಪ್ಪು ಬೆಣ್ಣೆ. ಅಜ್ಜಿ ಒಂದನ್ನು ಎತ್ತಿ ನಡುವಿನ ಬಿರುಕು ನೋಡಿದರು, ತಲೆಯಾಡಿಸಿದರು. ಕೈಯಲ್ಲೇ ಎರಡು ಮಾಡಿದರು. ನಾನು ಬೆಣ್ಣೆ ತಟ್ಟೆ ಮುಂದೆ ತಳ್ಳಿ ಈಗ ನಿಮಗೆ ಹೇಳಿದ ವಾದವನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಸರಿ ಮಗು, ಜ್ಯಾಮ್ ಎಲ್ಲಿ?" ಅಂದರು.

ಎದ್ದು ಹೋಗಿ ತಂದುಕೊಟ್ಟೆ. ಮೊದಲು ಜ್ಯಾಮ್ ಹಚ್ಚಿದರು. ಅದರ ಮೇಲೆ ಬೆಣ್ಣೆ ಇಟ್ಟರು.