ಎರಡನೇ ಸಲ ಗದ್ದ ಒಡ್ಡುವ ಮುನ್ನ

ಕೇಳುಗರಿಗೆ ನಮಸ್ಕಾರ.

ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನನ್ನ ಕೆಳತುಟಿಯ ಎಡಗಡೆಯಿಂದ ನೀರು ಜಾರಿ ಗದ್ದದ ಮೇಲೆ ಇಳಿಯುತ್ತದೆ. ಇಳಿದದ್ದು ನನಗೆ ಗೊತ್ತಾಗುವುದಿಲ್ಲ. ಬಟ್ಟೆ ಎದೆಗೆ ತಣ್ಣಗೆ ಅಂಟಿಕೊಂಡಾಗ ಗೊತ್ತಾಗುತ್ತದೆ. 14 ತಿಂಗಳ ಹಿಂದೆ ಗದ್ದಕ್ಕೆ ಆಪರೇಷನ್ ಮಾಡಿಸಿಕೊಂಡೆ. ಆವತ್ತಿನಿಂದ ಹೀಗೆ.

ಗದ್ದ ಚಿಕ್ಕದು, ಒಳಗೆ ಸೇರಿಕೊಂಡಿದೆ ಅನ್ನುವುದು ನನ್ನ ಬಹಳ ಹಳೆಯ ಕೊರಗು. ಯಾರಾದರೂ ಪಕ್ಕದಿಂದ ಫೋಟೋ ತೆಗೆದರೆ ಮುಖ ತಿರುಗಿಸಿಬಿಡುತ್ತಿದ್ದೆ. ಕೊನೆಗೆ ಧೈರ್ಯ ಮಾಡಿ ಸಿಲಿಕೋನ್ ಇಂಪ್ಲಾಂಟ್, ಅಂದರೆ ಗದ್ದದ ಮೂಳೆಯ ಮೇಲೆ ಕೂರಿಸುವ ತುಂಡು, ಹಾಕಿಸಿಕೊಂಡೆ. ಗದ್ದ ಮುಂದೆ ಬಂತು, ಸುಳ್ಳಲ್ಲ. ಆದರೆ ಎಡಕ್ಕೆ ವಾಲಿಕೊಂಡು ಬಂತು. ದವಡೆಯ ಅಂಚಿನ ಮೇಲೆ ಬೆರಳಾಡಿಸಿದರೆ ಬಲಗಡೆ ನುಣ್ಣಗೆ ಹೋಗುತ್ತದೆ. ಎಡಗಡೆ ಒಂದು ಸಣ್ಣ ಮೆಟ್ಟಿಲು ಹತ್ತಿ ಇಳಿದಂತಾಗುತ್ತದೆ. ದಿನಕ್ಕೆ ಎಷ್ಟು ಸಲ ಹೀಗೆ ಸವರಿ ನೋಡುತ್ತೇನೋ, ಲೆಕ್ಕ ಇಟ್ಟಿಲ್ಲ.

ಮತ್ತೆ ಆಪರೇಷನ್ ಮಾಡಿಸೋದಾ, ಇದ್ದದ್ದರಲ್ಲೇ ಇರೋದಾ? ಇದೇ ಪ್ರಶ್ನೆ ಹೊತ್ತು ನಿಮ್ಮಲ್ಲಿ ಯಾರಾದರೂ ಕೂತಿದ್ದರೆ ಅವರಿಗೆ ನಾನು ಹೇಳಬೇಕಾದದ್ದು ಒಂದೇ. ಮೊದಲನೇ ಸಲ ಕೆಟ್ಟದ್ದು ನಿಖರವಾಗಿ ಏನು ಅಂತ ತಿಳಿಯುವ ತನಕ ಎರಡನೇದಕ್ಕೆ ದಿನ ಗೊತ್ತು ಮಾಡಬೇಡಿ. "ಚೆನ್ನಾಗಿ ಆಗಿಲ್ಲ" ಅನ್ನುವುದು ಸಾಲದು. ಇಂಪ್ಲಾಂಟ್ ಜರುಗಿದೆಯಾ? ಮೂಳೆ ಹೆಚ್ಚುಕಡಿಮೆ ಆಗಿದೆಯಾ? ಸ್ನಾಯು ಜೋತುಬಿದ್ದಿದೆಯಾ? ನರಕ್ಕೆ ಪೆಟ್ಟಾಗಿದೆಯಾ? ಅಥವಾ ಎಲ್ಲ ಸರಿಯಿದ್ದು ನಮ್ಮ ಕಣ್ಣಿಗೆ ಒಗ್ಗಿಲ್ಲವಾ? ಒಂದೊಂದಕ್ಕೂ ದಾರಿ ಬೇರೆ.

ಮೊದಲು ಕಾಯುವ ವಿಷಯ. ಆಪರೇಷನ್ ಆದ ಮೊದಲ ಆರು ವಾರ ಗದ್ದ ಯಾರ ಮಾತೂ ಕೇಳುವುದಿಲ್ಲ. ಊತ ಒಂದು ಕಡೆ ಬೇಗ ಇಳಿಯುತ್ತದೆ, ಇನ್ನೊಂದು ಕಡೆ ತಡ. ನಕ್ಕರೆ ತುಟಿ ಬಿಗಿಯುತ್ತದೆ. ಹೆಚ್ಚಿನ ಊತ ಆ ಹೊತ್ತಿಗೆ ಇಳಿದರೂ ಒಳಗಿನ ಗಟ್ಟಿತನ ಹದಕ್ಕೆ ಬರಲು 6 ತಿಂಗಳಿಂದ 1 ವರ್ಷ ಬೇಕು. ಬರೀ ನೋಟದ ತೊಂದರೆಯಾದರೆ ಸರ್ಜನ್‌ಗಳು ಸಾಮಾನ್ಯವಾಗಿ ಅಷ್ಟು ದಿನ ಕಾಯಿರಿ ಅನ್ನುತ್ತಾರೆ. ಸರಿಯಾದ ಮಾತು. ಮೂರನೇ ವಾರ ಕನ್ನಡಿ ಮುಂದೆ ಅತ್ತು ನಿರ್ಧಾರ ಮಾಡಿದರೆ ಊತಕ್ಕೇ ಆಪರೇಷನ್ ಮಾಡಿಸಿದಂತಾಗುತ್ತದೆ.

ಆದರೆ ಕಾಯಲೇಬಾರದ ಸಂಗತಿಗಳಿವೆ. ಕೀವು, ಜ್ವರ, ದಿನದಿನಕ್ಕೂ ಜಾಸ್ತಿಯಾಗುವ ಕೆಂಪು ಮತ್ತು ನೋವು, ಬಾಯೊಳಗಿನ ಹೊಲಿಗೆ ಬಿಟ್ಟು ಇಂಪ್ಲಾಂಟ್ ಕಾಣಿಸಿಕೊಳ್ಳುವುದು. ಇವಕ್ಕೆ ಆವತ್ತೇ ಡಾಕ್ಟರ್ ಹತ್ತಿರ ಹೋಗಬೇಕು.

ನನ್ನ ಕಥೆ ಎಡವಿದ್ದು ಜೋಮಿನ ವಿಷಯದಲ್ಲಿ. ಕೆಳದವಡೆಯ ಮೂಳೆಯೊಳಗೆ ಒಂದು ನರ ಓಡುತ್ತದೆ, ಎಡಕ್ಕೊಂದು, ಬಲಕ್ಕೊಂದು. ಕೋರೆಹಲ್ಲಿನ ಹಿಂದಿರುವ ಎರಡು ಹಲ್ಲುಗಳ ಬೇರಿನ ಕೆಳಗೆ ಸಣ್ಣದೊಂದು ತೂತಿನಿಂದ ಅದು ಹೊರಬಂದು ಕೆಳತುಟಿಗೂ ಗದ್ದದ ಚರ್ಮಕ್ಕೂ ಹರಡಿಕೊಳ್ಳುತ್ತದೆ. ತುಟಿ ಆಡಿಸುವ ನರ ಬೇರೆ. ಇದರ ಕೆಲಸ ಮುಟ್ಟಿದ್ದು, ತಣ್ಣಗಿದ್ದದ್ದು, ಒದ್ದೆಯಾದದ್ದು ತಿಳಿಸುವುದು. ಆಪರೇಷನ್ ಹೊತ್ತಿನಲ್ಲಿ ಇದು ಸ್ವಲ್ಪ ಎಳೆದಾಡಿಸಿಕೊಳ್ಳುತ್ತದೆ. ಹಾಗಾಗಿ ಕೆಲವು ವಾರ, ಕೆಲವು ತಿಂಗಳು ಜೋಮು ಇರುವುದು ಮಾಮೂಲು. ಬಹಳ ಜನರಿಗೆ ಸ್ಪರ್ಶ ಮರಳುತ್ತದೆ, ಕೆಲವರಿಗೆ ಪೂರ್ತಿ ಮರಳುವುದೇ ಇಲ್ಲ. ಆದರೆ ಇಂಪ್ಲಾಂಟ್‌ನ ತುದಿ ಆ ತೂತಿನ ಮೇಲೇ ಕೂತು ನರವನ್ನು ಒತ್ತುತ್ತಿದ್ದರೆ ಅದನ್ನು ಬೇಗ ನೋಡಬೇಕು.

ಮೂರನೇ ತಿಂಗಳಲ್ಲಿ ನನಗೆ ಆಪರೇಷನ್ ಮಾಡಿದ ಸರ್ಜನ್ ಹತ್ತಿರ ಜೋಮಿನ ಬಗ್ಗೆ ಕೇಳಿದೆ. "ಊತ ಇಳಿಯಲಿ, ಸರಿಹೋಗುತ್ತೆ" ಅಂದರು. ಆರನೇ ತಿಂಗಳಲ್ಲೂ ಅದೇ ಉತ್ತರ. ಸ್ಕ್ಯಾನ್ ಮಾಡೋಣ ಅಂತ ಅವರು ಹೇಳಲಿಲ್ಲ, ಮಾಡಿ ಅಂತ ನಾನೂ ಕೇಳಲಿಲ್ಲ. ಹದಿಮೂರನೇ ತಿಂಗಳಲ್ಲಿ ಬೇರೊಬ್ಬ ಸರ್ಜನ್ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಪರದೆಯ ಮೇಲೆ ನನ್ನದೇ ದವಡೆ ತಿರುಗುತ್ತಿತ್ತು. ಅದರ ಮೇಲೆ ಸೊಟ್ಟಗೆ ಕೂತ ಇಂಪ್ಲಾಂಟ್, ಅದರ ಎಡ ತುದಿ ನರ ಹೊರಬರುವ ತೂತಿಗೆ ಒತ್ತಿಕೊಂಡಿತ್ತು. "ನಿಮ್ಮ ಬೆರಳು ಹೇಳಿದ್ದು ನಿಜ" ಅಂದರು ಆಕೆ. ಆ ಒಂದು ಮಾತಿಗೆ ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟು ದಿನ ಎಲ್ಲ ನನ್ನ ಭ್ರಮೆ ಅಂತ ಅಂದುಕೊಂಡಿದ್ದೆ.

ಹಾಗಂತ ಕಣ್ಣು ಮೋಸ ಮಾಡುವುದಿಲ್ಲ ಅಂತಲ್ಲ. ಮೊಬೈಲನ್ನು ಮುಖದಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಮೂಗು ಇರುವುದಕ್ಕಿಂತ ಸುಮಾರು 30 ಪರ್ಸೆಂಟ್ ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಹತ್ತಿರ ಇರುವುದು ದೊಡ್ಡದಾಗುತ್ತದೆ, ಹಿಂದೆ ಇರುವುದು ಚಿಕ್ಕದಾಗುತ್ತದೆ. ಮೂಗಿಗಿಂತ ಹಿಂದಿರುವ ಗದ್ದ ಹಾಗಾಗಿ ಸೆಲ್ಫಿಯಲ್ಲಿ ಇನ್ನೂ ಕುಗ್ಗುತ್ತದೆ. ಗದ್ದದ ಅಂದಾಜು ನೋಡಬೇಕಾದರೆ ಒಂದೂವರೆ ಮೀಟರ್ ದೂರದಿಂದ ಇನ್ನೊಬ್ಬರ ಕೈಯಲ್ಲಿ ಫೋಟೋ ತೆಗೆಸಿ. ತುಟಿ ಸಡಿಲ ಬಿಟ್ಟು, ತಲೆ ಎತ್ತದೆ, ತಗ್ಗಿಸದೆ.

ಇನ್ನು ಸ್ನಾಯು. ಈಗ ಕೆಳತುಟಿಯನ್ನು ಮೇಲಕ್ಕೆ ಒತ್ತಿ ನೋಡಿ. ಗದ್ದದ ಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ಚುಕ್ಕಿ ಚುಕ್ಕಿ ಗುಳಿ ಬೀಳುತ್ತದೆ, ಅಲ್ವಾ? ಅದು ಮೆಂಟಾಲಿಸ್ ಸ್ನಾಯುವಿನ ಕೆಲಸ. ಗದ್ದವನ್ನೂ ಕೆಳತುಟಿಯನ್ನೂ ಎತ್ತಿ ಹಿಡಿಯುವುದು ಅದೇ. ಬಾಯೊಳಗಿನಿಂದ ಆಪರೇಷನ್ ಮಾಡುವಾಗ ಅದನ್ನು ಕತ್ತರಿಸಿ ಸರಿಸುತ್ತಾರೆ. ಮುಗಿಸುವಾಗ ಅದನ್ನು ಮತ್ತೆ ಅದರ ಜಾಗಕ್ಕೆ ಎತ್ತಿ ಹೊಲಿಯದಿದ್ದರೆ ಗದ್ದದ ಮಾಂಸ ಜೋತುಬೀಳುತ್ತದೆ, ಕೆಳತುಟಿ ಇಳಿದು ಕೆಳಹಲ್ಲು ಕಾಣತೊಡಗುತ್ತದೆ. ಇಂಥವರು ಇನ್ನೂ ದೊಡ್ಡ ಇಂಪ್ಲಾಂಟ್ ಹಾಕಿಸಿದರೆ ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ಸ್ನಾಯುವಿನ ರಿಪೇರಿ.

"ಸುಮ್ನೆ ತೆಗೆಸಿಬಿಡು, ಮೊದಲಿನ ಹಾಗೇ ಆಗುತ್ತೀಯ" ಅಂದಳು ನನ್ನಕ್ಕ. ಪ್ರೀತಿಯಿಂದಲೇ ಅಂದಳು. ಆದರೆ ಮೊದಲಿನ ಹಾಗೇ ಆಗುವುದಿಲ್ಲ. ಇಂಪ್ಲಾಂಟ್ ಕೂತ ಜಾಗದಲ್ಲಿ ಚರ್ಮ, ಮಾಂಸ ಹಿಗ್ಗಿರುತ್ತದೆ. ಅದನ್ನು ತೆಗೆದು ಜಾಗ ಖಾಲಿ ಬಿಟ್ಟರೆ ಗದ್ದ ಸಡಿಲವಾಗಿ ಜೋಲಬಹುದು. ಕೆಲವರಲ್ಲಿ ಇಂಪ್ಲಾಂಟ್ ಒತ್ತಿ ಒತ್ತಿ ಕೆಳಗಿನ ಮೂಳೆಯೂ ಸ್ವಲ್ಪ ಸವೆದಿರುತ್ತದೆ. ತೆಗೆಯುವ ಕೆಲಸವೂ ಎಲ್ಲ ಇಂಪ್ಲಾಂಟಿಗೆ ಒಂದೇ ಅಲ್ಲ. ಸಿಲಿಕೋನ್ ಸುತ್ತ ದೇಹ ತೆಳು ಚೀಲ ಕಟ್ಟುತ್ತದೆ, ಚೀಲ ಬಿಡಿಸಿದರೆ ಜಾರಿ ಬರುತ್ತದೆ. ಸಣ್ಣ ಸಣ್ಣ ತೂತಿರುವ ಪಾಲಿಎಥಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಇಂಪ್ಲಾಂಟ್ ಆದರೆ ಆ ತೂತುಗಳೊಳಗೇ ಮಾಂಸ ಬೆಳೆದು ಹಿಡಿದುಕೊಂಡಿರುತ್ತದೆ. ಕಿತ್ತು ತೆಗೆಯುವುದು ಕಷ್ಟ. ಅದಕ್ಕೇ ಹಳೆಯ ಆಪರೇಷನ್ ನೋಟ್ ಮತ್ತು ಇಂಪ್ಲಾಂಟಿನ ಹೆಸರು, ಅಳತೆ ಇರುವ ಸ್ಟಿಕ್ಕರ್ ಪ್ರತಿಯನ್ನು ಕೇಳಿ ಪಡೆಯಿರಿ. ಮೊದಲು ಮಾಡಿದವರ ಮುಖ ನೋಡಲು ಮನಸ್ಸಿಲ್ಲದಿದ್ದರೂ ಪತ್ರ ಬರೆದು ಕೇಳಿ. ಎರಡನೇ ಸರ್ಜನ್‌ಗೆ ಆ ಒಂದು ಕಾಗದ ತುಂಬ ಬೆಲೆಬಾಳುತ್ತದೆ.

ಇನ್ನೊಂದು ದಾರಿ ನಮ್ಮದೇ ಮೂಳೆಯನ್ನು ಜರುಗಿಸುವುದು. ಇದನ್ನು ಹೋಫರ್ ಅನ್ನುವ ಸರ್ಜನ್ 1942ರಲ್ಲಿ ವಿವರಿಸಿದರು. ಆಗ ಚರ್ಮವನ್ನು ಹೊರಗಿನಿಂದ ಕೊಯ್ಯಬೇಕಿತ್ತು. 1957ರಲ್ಲಿ ಟ್ರೌನರ್ ಮತ್ತು ಒಬ್‌ವೆಗೆಸರ್ ಬಾಯೊಳಗಿನಿಂದಲೇ ಮಾಡುವ ವಿಧಾನ ಬರೆದ ಮೇಲೆ ಮುಖದ ಮೇಲೆ ಗಾಯದ ಗುರುತು ಉಳಿಯುವುದು ತಪ್ಪಿತು. ಹಲ್ಲಿನ ಬೇರುಗಳ ಕೆಳಗೆ, ನರದ ತೂತಿನಿಂದ ಸುಮಾರು 5 ಮಿಲಿಮೀಟರ್ ಕೆಳಗೆ ಮೂಳೆಯನ್ನು ಅಡ್ಡಲಾಗಿ ಕೊಯ್ಯುತ್ತಾರೆ. ಅಷ್ಟು ಅಂತರ ಯಾಕೆಂದರೆ ನರ ಹೊರಬರುವ ಮುಂಚೆ ಮೂಳೆಯೊಳಗೆ ಸ್ವಲ್ಪ ಕೆಳಗಿಳಿದು ಮೇಲೆ ಬರುತ್ತದೆ. ಕೊಯ್ದ ತುಂಡನ್ನು ಬೇಕಾದಷ್ಟು ಸರಿಸಿ ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕಿ ನಿಲ್ಲಿಸುತ್ತಾರೆ. ಇಂಪ್ಲಾಂಟ್‌ಗೆ ಬರೀ ಸೇರಿಸಲು ಬರುತ್ತದೆ. ಮೂಳೆಯನ್ನಾದರೆ ಮುಂದೆ ತರಬಹುದು, ಹಿಂದೆ ತಳ್ಳಬಹುದು, ಮೋಟು ಮಾಡಬಹುದು, ಸೊಟ್ಟಗಿದ್ದರೆ ಮಧ್ಯಕ್ಕೆ ತರಬಹುದು. ಜೊತೆಗೆ ಸ್ನಾಯುವೂ ಮೂಳೆಯ ಸಂಗಡವೇ ಬರುತ್ತದೆ.

ಇದೂ ಪೂರ್ತಿ ನಿರಾಳದ ದಾರಿಯಲ್ಲ. ಜಾಸ್ತಿ ಮುಂದೆ ತಂದರೆ ಕೆಳತುಟಿ ಮತ್ತು ಗದ್ದದ ನಡುವಿನ ಗೆರೆ ಆಳವಾಗಿ ವಯಸ್ಸಾದಂತೆ ಕಾಣಬಹುದು. ಕೊಯ್ದ ಜಾಗದಲ್ಲಿ ದವಡೆ ಅಂಚಿಗೆ ಒಂದು ಕಚ್ಚು ಉಳಿಯಬಹುದು. ಮೊದಲ ಆಪರೇಷನ್‌ನ ಗಾಯ ಒಳಗೆ ಗಟ್ಟಿಕಟ್ಟಿರುವುದರಿಂದ ನರವನ್ನು ಹುಡುಕಿ ಬಿಡಿಸುವುದು ಕಷ್ಟ. ಜೋಮು ಹೆಚ್ಚಾಗುವ ಅಪಾಯ ಎರಡನೇ ಸಲ ಜಾಸ್ತಿಯೇ. ಅದನ್ನು ಯಾರೂ ಮುಚ್ಚಿಡಬಾರದು. ಇನ್ನು ಇಡೀ ಕೆಳದವಡೆಯೇ ಹಿಂದಿದ್ದು ಹಲ್ಲಿನ ಕಚ್ಚುವಿಕೆ ಕೂಡದಿದ್ದರೆ ಗದ್ದದ ಆಪರೇಷನ್ ಎಷ್ಟು ಸಲ ಮಾಡಿಸಿದರೂ ಅಸಲು ತೊಂದರೆ ಅಲ್ಲೇ ಇರುತ್ತದೆ. ಅಂಥವರು ದವಡೆಯ ಸರ್ಜನ್ ಮತ್ತು ಹಲ್ಲು ನೇರ ಮಾಡುವ ಡಾಕ್ಟರ್ ಇಬ್ಬರನ್ನೂ ನೋಡಬೇಕು.

ಒಂದು ಮಾತು ಹೇಳಲು ಸ್ವಲ್ಪ ಹಿಂಜರಿಕೆ, ಆದರೂ ಹೇಳುತ್ತೇನೆ. ದಿನಕ್ಕೆ ಗಂಟೆಗಟ್ಟಲೆ ಗದ್ದದ್ದೇ ಯೋಚನೆ, ಬೇರೆಯವರಿಗೆ ಕಾಣದ ಸಣ್ಣ ಕೊರತೆ ನಮಗೆ ಬೆಟ್ಟದಂತೆ ಕಾಣುವುದು, ಮನೆಯಿಂದ ಹೊರಗೆ ಹೋಗಲು ಆಗದಿರುವುದು. ಹೀಗಾದಾಗ ಮೊದಲು ಮನಸ್ಸಿನ ಡಾಕ್ಟರ್ ಹತ್ತಿರ ಮಾತಾಡಬೇಕು. ಆ ಕಾಯಿಲೆಗೆ ಚಿಕಿತ್ಸೆ ಇದೆ, ಆಪರೇಷನ್‌ನಿಂದ ಅದು ಹೋಗುವುದು ಅಪರೂಪ. ನಾನೂ ಹೋಗಿ ಬಂದೆ. ಸ್ಕ್ಯಾನ್‌ನಲ್ಲಿ ತೊಂದರೆ ಕಂಡಿದ್ದರೂ ಹೋದೆ. ಬೆರಳು ಸವರುವುದನ್ನು ಕಡಿಮೆ ಮಾಡಲು ಅಲ್ಲಿಯೇ ಕಲಿತದ್ದು.

ನನ್ನ ನಿರ್ಧಾರ ಏನು ಅಂತ ಕೇಳುತ್ತೀರಿ. ಇಂಪ್ಲಾಂಟ್ ತೆಗೆಸುತ್ತಿದ್ದೇನೆ. ಅದೇ ಹೊತ್ತಿನಲ್ಲಿ ಮೂಳೆಯನ್ನು ಸ್ವಲ್ಪವೇ ಮುಂದೆ ತರುತ್ತಾರೆ. ನಾನು ಮೊದಲು ಬಯಸಿದಷ್ಟಲ್ಲ, ಹಿಗ್ಗಿದ ಜಾಗ ತುಂಬುವಷ್ಟು. "ಜೋಮು ಹೋಗುತ್ತೆ ಅಂತ ಮಾತು ಕೊಡಲಾರೆ" ಅಂತ ಸರ್ಜನ್ ಮುಖಕ್ಕೇ ಹೇಳಿದರು. ನಾನು ಅವರನ್ನು ನಂಬಿದ್ದು ಆ ಮಾತಿಗೇ.

ಈಗ ತಿಂಗಳಿಗೊಮ್ಮೆ ಒಂದು ಕೆಲಸ ಮಾಡುತ್ತೇನೆ. ಹತ್ತಿಯ ಎಳೆಯೊಂದನ್ನು ಗದ್ದದ ಮೇಲೆ ಮೆಲ್ಲಗೆ ಎಳೆಯುತ್ತಾ ಹೋಗುತ್ತೇನೆ. ಎಲ್ಲಿ ಎಳೆ ಮುಟ್ಟಿದ್ದು ತಿಳಿಯುವುದು ನಿಲ್ಲುತ್ತದೋ ಅಲ್ಲಿ ಪೆನ್ನಿನಿಂದ ಚುಕ್ಕಿ ಇಡುತ್ತೇನೆ. ಚುಕ್ಕಿ ಸೇರಿಸಿದರೆ ತುಟಿಯ ಎಡಮೂಲೆಯಿಂದ ಗದ್ದದ ನಡುವಿನ ತನಕ ಒಂದು ಗೆರೆ. ಅದರ ಫೋಟೋ ತೆಗೆದು ತಾರೀಖು ಬರೆದಿಡುತ್ತೇನೆ. ಆಪರೇಷನ್ ದಿನ ಬೆಳಗ್ಗೆಯೂ ಆ ಗೆರೆ ಎಳೆಯುತ್ತೇನೆ. ಆಮೇಲೆ ಎಷ್ಟು ಜೋಮು ಹಳೆಯದು, ಎಷ್ಟು ಹೊಸದು ಅಂತ ನನಗೂ ಅವರಿಗೂ ಗೊತ್ತಿರಲಿ ಅಂತ.

ನಮಸ್ಕಾರ.