ಒಂದು ಕಿವಿ ದಿಢೀರ್ ಅಂತ ಕೇಳ್ತಿಲ್ವಾ? ಮೊದ್ಲು ‘ಮ್‌ಮ್‌ಮ್’ ಅನ್ನಿ

ಬೆಳಗ್ಗೆ ಎದ್ದು ಫೋನ್ ಎಡಗಿವಿಗೆ ಇಟ್ರೆ ಏನೂ ಕೇಳ್ಸಲ್ಲ, ಬಲಗಿವಿಗೆ ಹಿಡಿದ್ರೆ ಎಲ್ಲಾ ಸರಿ ಇದೆ. ಆಗ ನಮ್ಮಲ್ಲಿ ಸುಮಾರು ಜನ ಏನ್ ಮಾಡ್ತಾರೆ, ಗುಗ್ಗೆ ಕಟ್ಕೊಂಡಿರ್ಬೇಕು ಬಿಡು ಅಂತ ಬೆಚ್ಚಗೆ ಎಣ್ಣೆ ಬಿಟ್ಕೊಂಡು ಎರಡು ವಾರ ಕಾಯ್ತಾರೆ. ದಯವಿಟ್ಟು ಎಣ್ಣೆ ಬೇಡ.

ಯಾಕಂದ್ರೆ ಇದ್ರಲ್ಲಿ ಎರಡು ಥರ ಇದೆ. ಗುಗ್ಗೆ, ನೆಗಡಿ ಆದ್ಮೇಲೆ ಕಿವಿ ತಮಟೆ ಹಿಂದೆ ನೀರು ನಿಲ್ಲೋದು, ಇವೆಲ್ಲ ಶಬ್ದ ಒಳಗೆ ಹೋಗೋ ದಾರಿಗೆ ಅಡ್ಡ ಬರೋದು. ಇನ್ನೊಂದು ಒಳಗಿವಿ ಅಥವಾ ನರದ್ದೇ ತೊಂದ್ರೆ, ಇದು ಮೂರು ದಿನದೊಳಗೆ ಆಗ್ಬಿಡುತ್ತೆ, ಬಹುತೇಕರಿಗೆ ಕಾರಣಾನೂ ಸಿಗಲ್ಲ.

ಈಗ ಬಾಯಿ ಮುಚ್ಚಿ ‘ಮ್‌ಮ್‌ಮ್’ ಅಂತ ಗುನುಗಿ. ಕೇಳದ ಕಿವೀಲೇ ಜೋರಾಗಿ ಬಂದ್ರೆ ಅಡ್ಡ ಇರೋ ಸಾಧ್ಯತೆ ಜಾಸ್ತಿ. ಚೆನ್ನಾಗಿರೋ ಕಿವೀಲಿ ಜೋರಾಗಿ ಬಂದ್ರೆ ನರದ ಕಡೆ ಅನುಮಾನ. ಉಲ್ಟಾ ಅನ್ಸುತ್ತಲ್ವಾ? ಎರಡೂ ಕಿವಿ ಚೆನ್ನಾಗಿರೋವಾಗ ಒಂದಕ್ಕೆ ಬೆರಳು ಒತ್ತಿ ಹಿಡ್ಕೊಂಡು ಗುನುಗಿ ನೋಡಿ, ದನಿ ಆ ಕಡೆಗೇ ವಾಲುತ್ತೆ, ಹೊರಗಿನ ಗದ್ದಲ ಒಳಗೆ ಬರಲ್ಲ, ಮೂಳೆ ಮೂಲಕ ಬಂದ ಶಬ್ದ ಹೊರಗೆ ಹೋಗಲ್ಲ, ಅಷ್ಟೇ ಲಾಜಿಕ್ಕು. ಎರಡೂ ಕಿವಿ ಒಟ್ಟಿಗೆ ಹೋಗಿದ್ರೆ ಮಾತ್ರ ಈ ಪರೀಕ್ಷೆ ಕೆಲಸಕ್ಕೆ ಬರಲ್ಲ.

ಡಾಕ್ಟರ್ ಇದನ್ನೇ 512 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ (ಬಡಿದ್ರೆ ಗುಂಯ್ ಅನ್ನೋ ಕವಲಿನ ಲೋಹದ ಕಡ್ಡಿ) ಹಣೆ ಮೇಲಿಟ್ಟು ಮಾಡ್ತಾರೆ, ಅದು ವೆಬರ್ ಟೆಸ್ಟ್. ಆಮೇಲೆ ಕಿವಿ ಹಿಂದಿನ ಮೂಳೆ ಮೇಲೆ ಒಮ್ಮೆ, ಕಿವಿ ಮುಂದೆ ಒಮ್ಮೆ ಹಿಡಿದು ಎಲ್ಲಿ ಜೋರು ಅಂತ ಕೇಳೋದು ರಿನ್ನೆ. ರಿನ್ನೆ ಒಂದನ್ನೇ ನಂಬೋ ಹಾಗಿಲ್ಲ, ಕಿವಿ ಪೂರ್ತಿ ಹೋಗಿದ್ರೆ ಮೂಳೆ ಮೇಲಿನ ಶಬ್ದಾನ ಇನ್ನೊಂದು ಕಡೆಯ ಚೆನ್ನಾಗಿರೋ ಕಿವಿ ಕೇಳಿಸ್ಕೊಂಡು ‘ಹೂಂ ಕೇಳ್ತಿದೆ’ ಅನ್ಸಿಬಿಡುತ್ತೆ. ಅದಕ್ಕೇ ಎರಡನ್ನೂ ಸೇರಿಸಿ ನೋಡ್ತಾರೆ, ಕಿವಿ ಒಳಗೆ ಇಣುಕ್ತಾರೆ, ಪಕ್ಕಾ ಆಗೋದು ಆಡಿಯೋಗ್ರಾಮ್‌ನಲ್ಲಿ, ಅಂದ್ರೆ ಮಷೀನಲ್ಲಿ ಮಾಡೋ ಕಿವಿ ಪರೀಕ್ಷೆಯ ವರದೀಲಿ.

ಮುಖ ಸೊಟ್ಟ ಆಗಿದೆ, ಮಾತು ತೊದಲ್ತಿದೆ, ಕೈಕಾಲು ಸೋತಿದೆ, ತಲೆ ಸುತ್ತಿ ನಿಲ್ಲೋಕಾಗ್ತಿಲ್ಲ ಅಂದ್ರೆ ಗುನುಗೋದೆಲ್ಲ ಬಿಡಿ, ಸ್ಟ್ರೋಕ್ ಇರಬಹುದು, ಸೀದಾ ಎಮರ್ಜೆನ್ಸಿಗೆ ಹೋಗಿ.

ಉಳಿದೋರು ದನಿ ಯಾವ ಕಡೆ ಬಂದ್ರೂ ಇಎನ್‌ಟಿ ಹತ್ರ ಹೋಗ್ಲೇಬೇಕು, ಚೆನ್ನಾಗಿರೋ ಕಡೆ ಬಂದ್ರೆ ಅವತ್ತೋ ಮಾರನೇ ದಿನಾನೋ ಹೋಗಿ. ನರದ್ದಾಗಿದ್ರೆ ಸ್ಟಿರಾಯ್ಡ್ ಕೊಡಬಹುದು, ಮೊದಲ ಎರಡು ವಾರದೊಳಗೆ ಶುರು ಮಾಡಿದ್ರೇನೇ ಪ್ರಯೋಜನ ಜಾಸ್ತಿ. ಶುಗರ್ ಇರೋರು ಅದನ್ನ ಮೊದ್ಲೇ ಹೇಳ್ಬಿಡಿ, ಸ್ಟಿರಾಯ್ಡ್ ಮಾತ್ರೇಲಿ ಶುಗರ್ ಏರುತ್ತೆ.